ಕಾಡುಗುಡ್ಡದಲ್ಲಿ ರಾತ್ರಿಯ ಬಿಡಾರ

ಊರಿನಲ್ಲಿ ವಾಸಿಸುವ ನಮಗೆ ರಾತ್ರಿ ಮಲಗುವ ನೆಲೆಯನ್ನು ಆರಿಸುವ ಪ್ರಸಂಗ ಒದಗುವುದೇ ಇಲ್ಲ. ಆ ಕೆಲಸವನ್ನು ಮನೆ ಕಟ್ಟಿಸಿದ ಹಿರಿಯರು ಎಂದೋ ಮಾಡಿ ಮುಗಿಸಿದ್ದಾರೆ. ಮಳೆಯ ನೀರು ಯಾವ ಕಡೆಗೆ ಹರಿಯುವುದೆಂಬುದನ್ನು ನೋಡಿ ತಳಪಾಯವನ್ನು ಎತ್ತರಿಸಿದವರು ಅವರು. ಗಾಳಿ ಯಾವ ದಿಕ್ಕಿನಿಂದ ಬೀಸುವುದೆಂಬುದನ್ನು ಬಲ್ಲವರಾಗಿ ಬಾಗಿಲನ್ನು ಇರಿಸಿದವರೂ ಅವರೇ. ಆದರೆ ಕಾಡಿನಲ್ಲಿ ಒಂದು ಇರುಳನ್ನು ಕಳೆಯಬೇಕೆಂದು ಡೇರೆಯನ್ನು ಹೊತ್ತು ಹೊರಟವರಿಗೆ ಈ ಎಲ್ಲ ವಿಚಾರವೂ ಸಂಜೆಯ ಒಂದು ಗಂಟೆಯೊಳಗೆ ತಮ್ಮ ತಲೆಯ ಮೇಲೆಯೇ ಬೀಳುವುದು. ಹೊರಟವರು ಶಾಲೆಯ ಮಕ್ಕಳನ್ನು ಕರೆದೊಯ್ದ ಉಪಾಧ್ಯಾಯರಾಗಿದ್ದರಂತೂ ಈ ಒಂದು ಗಂಟೆಯ ನಿರ್ಣಯದ ಮೇಲೆ ಮೂವತ್ತು ನಲವತ್ತು ಜೀವಗಳ ಕ್ಷೇಮ ನಿಂತಿರುವುದು.

ಈ ನಿರ್ಣಯದಲ್ಲಿರುವ ತೊಡಕೆಂದರೆ, ನೆಲೆಯನ್ನು ನಾವು ಆರಿಸುವುದು ಸಂಜೆಯ ಹೊತ್ತಿನಲ್ಲಿ; ಅದರ ಗುಣದೋಷಗಳು ತಿಳಿದುಬರುವುದು ನಡುರಾತ್ರಿಯ ಅನಂತರ. ಸಂಜೆ ಐದು ಗಂಟೆಗೆ ಹಿತವಾಗಿರುವ ತಾಣ ನಸುಕಿನ ನಾಲ್ಕು ಗಂಟೆಗೂ ಹಿತವಾಗಿರಬೇಕೆಂಬ ನಿಯಮವೇನೂ ಇಲ್ಲ. ಈ ನಡುವಿನ ಹನ್ನೊಂದು ಗಂಟೆಗಳಲ್ಲಿ ಗಾಳಿ ತನ್ನ ದಿಕ್ಕನ್ನು ಬದಲಿಸುವುದು. ಒಣಗಿದ ಹಳ್ಳದಲ್ಲಿ ನೀರು ಬರಬಹುದು. ನಿರ್ಮಲವಾಗಿದ್ದ ಆಕಾಶದಲ್ಲಿ ಗುಡುಗು ಏಳಬಹುದು. ಆದರೆ ಇವೆಲ್ಲವೂ ಭೌತಶಾಸ್ತ್ರದ ಸರಳ ನಿಯಮಗಳಿಗೆ ಒಳಪಟ್ಟ ಸಂಗತಿಗಳು. ಆ ನಿಯಮಗಳನ್ನು ಅರಿತವನು ಇನ್ನೂ ಬೆಳಕಿರುವಾಗಲೇ, ನೆಲದ ಆಕಾರವನ್ನು ನೋಡಿದ ಮಾತ್ರದಿಂದ, ಬರಲಿರುವ ರಾತ್ರಿಯನ್ನು ಬಹುಮಟ್ಟಿಗೆ ಓದಬಲ್ಲನು. ಈ ಓದನ್ನು ಕಲಿಯುವುದೇ ಪ್ರಸ್ತುತ ಲೇಖನದ ಉದ್ದೇಶ.

ಡೋಣಿಯ ಗುಡ್ಡ

ಉದಾಹರಣೆಗಾಗಿ ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಡೋಣಿ ಗ್ರಾಮದ ಬಳಿಯಿರುವ ಕಪ್ಪತಗುಡ್ಡವನ್ನು ತೆಗೆದುಕೊಳ್ಳೋಣ. ಗದಗಿನ ಸಮೀಪದ ಬಿಂಕದಕಟ್ಟಿಯ ಕಡೆಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ, ಸುಮಾರು ಅರವತ್ತು ಕಿಲೋಮೀಟರಿಗೂ ಮಿಗಿಲಾದ ಉದ್ದಕ್ಕೆ ಹಬ್ಬಿರುವ ಗುಡ್ಡಗಳ ಸಾಲು ಇದು. ಸುತ್ತಲಿನ ಎರೆಯ ಬಯಲಿನಿಂದ ಇನ್ನೂರು ಮುನ್ನೂರು ಮೀಟರು ಎತ್ತರಕ್ಕೆ ಎದ್ದು ನಿಂತಿರುವ ಈ ಸಾಲಿನಲ್ಲಿ ಕಬ್ಬಿಣದ ಅಂಶ ತುಂಬಿದ ಅತಿ ಪ್ರಾಚೀನ ಧಾರವಾಡ ಶಿಲೆಗಳಿವೆ; ಎಲೆಯುದುರುವ ಒಣಕಾಡು, ಕುರುಚಲು, ಹುಲ್ಲುಗಾವಲುಗಳಿವೆ. ಇಲ್ಲಿಯ ಔಷಧೀಯ ಸಸ್ಯಗಳ ಖ್ಯಾತಿಯನ್ನು ವಾಚಕರು ಕೇಳಿಯೇ ಇರುವರು. ಕಪ್ಪತಮಲ್ಲೇಶ್ವರನ ಗುಡಿಯೂ ಡೋಣಿಯ ಬಳಿಯ ನಂದಿವೇರಿ ಮಠವೂ ಜನರನ್ನು ವರ್ಷವಿಡೀ ಈ ಗುಡ್ಡಕ್ಕೆ ಕರೆಯುತ್ತಿರುವುವು. ಗುಡ್ಡದ ಮೇಲಣ ಒಂದು ತಾಣಕ್ಕೆ ಗಾಳಿಗುಂಡಿಯೆಂದು ಹೆಸರು. ಹೆಸರಿಟ್ಟವರು ಅಲ್ಲಿಯ ಹವೆಯನ್ನು ಚೆನ್ನಾಗಿ ಗಮನಿಸಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿ ಮೊದಲು ತಿಳಿದಿರಬೇಕಾದ ಒಂದು ಮಾತುಂಟು. 2019ನೆಯ ಇಸವಿಯಲ್ಲಿ ಈ ಗುಡ್ಡದ ಸುಮಾರು 244 ಚದರ ಕಿಲೋಮೀಟರು ಪ್ರದೇಶವನ್ನು ಸರಕಾರವು ವನ್ಯಜೀವಿಧಾಮವೆಂದು ಘೋಷಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂಥ ಧಾಮದೊಳಗೆ ಹೋಗುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಅವಶ್ಯಕ. ಬಂಡೀಪುರ, ನಾಗರಹೊಳೆಗಳಂಥ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ಯಾತ್ರಿಕನು ತನಗೆ ಮನಸ್ಸು ಬಂದಲ್ಲಿ ಡೇರೆ ಹಾಕುವಂತಿಲ್ಲ. ಆದುದರಿಂದ ನೆಲೆಯ ಆಯ್ಕೆಯ ಮೊದಲನೆಯ ಮೆಟ್ಟಿಲು ಇಲಾಖೆಯ ಕಚೇರಿ. ಅನುಮತಿ ದೊರೆತಲ್ಲಿ, ಇಲ್ಲವೆ ಧಾಮದ ಎಲ್ಲೆಯ ಹೊರಗೆ ಯಜಮಾನನ ಒಪ್ಪಿಗೆ ಪಡೆದ ಹೊಲದಲ್ಲಿ, ಡೇರೆಯನ್ನು ಎಲ್ಲಿ ಊರಬೇಕೆಂಬ ಪ್ರಶ್ನೆ ಅಲ್ಲಿಂದ ಮುಂದಿನದು. ಪ್ರಕೃತಿಯ ನಿಯಮಗಳು ಮಾತ್ರ ಎಲ್ಲೆಯ ಒಳಗೂ ಹೊರಗೂ ಒಂದೇ.

ಇಳಿದು ಬರುವ ತಂಪು

ಮಾರ್ಗಶಿರ, ಪುಷ್ಯಮಾಸಗಳ ನಿರ್ಮಲವಾದ ಒಂದು ಇರುಳನ್ನು ಊಹಿಸಿಕೊಳ್ಳೋಣ. ಸೂರ್ಯನು ಮುಳುಗಿದೊಡನೆ ನೆಲಕ್ಕೆ ಉಷ್ಣದ ಆದಾಯ ನಿಂತುಹೋಗುವುದು. ವೆಚ್ಚ ಮಾತ್ರ ನಿಲ್ಲದು. ಎಲ್ಲ ವಸ್ತುಗಳೂ ತಮ್ಮ ಉಷ್ಣತೆಗೆ ತಕ್ಕಂತೆ ಕಣ್ಣಿಗೆ ಕಾಣದ ಕಿರಣಗಳನ್ನು ಸದಾ ಹೊರಸೂಸುತ್ತಿರುವುವು. ಹದಿನೈದು ಡಿಗ್ರಿ ಸೆಂಟಿಗ್ರೇಡಿನಲ್ಲಿರುವ ನೆಲದ ಪ್ರತಿಯೊಂದು ಚದರ ಮೀಟರೂ ಹೀಗೆ ಸುಮಾರು 390 ವ್ಯಾಟಿನಷ್ಟು ಶಕ್ತಿಯನ್ನು ಮೇಲಕ್ಕೆ ಕಳುಹಿಸುವುದು. ವಾಯುಮಂಡಲದಲ್ಲಿರುವ ನೀರಾವಿ ಮೊದಲಾದವುಗಳು ಅದರಲ್ಲಿ ಸುಮಾರು 300 ವ್ಯಾಟಿನಷ್ಟನ್ನು ಹಿಂದಕ್ಕೆ ಕೊಡುವುವು. ಉಳಿದ ಸುಮಾರು 90 ವ್ಯಾಟು ನೆಲದ ಪಾಲಿಗೆ ನಷ್ಟವೇ. ಮೋಡವಿದ್ದ ರಾತ್ರಿ ಈ ನಷ್ಟ ತೀರ ಕಡಿಮೆ. ಮೋಡವು ನೆಲಕ್ಕೆ ಹೊದಿಸಿದ ಕಂಬಳಿಯಂತೆ ವರ್ತಿಸುವುದು. ಮರದ ಕೊಂಬೆಗಳ ಹರವಿನ ಕೆಳಗೂ ಇದೇ ಸ್ಥಿತಿ. ಬಯಲಿನಲ್ಲಿ ಮಲಗಿದವನ ಹೊದಿಕೆ ಮಂಜಿನಿಂದ ತೋಯುವುದೂ ಮರದ ಕೆಳಗೆ ಮಲಗಿದವನದು ಒಣಗಿರುವುದೂ ಈ ಕಾರಣದಿಂದಲೇ.

ಹೀಗೆ ತಣಿದ ನೆಲವು ತನ್ನನ್ನು ಮುಟ್ಟಿರುವ ಗಾಳಿಯನ್ನೂ ತಣಿಸುವುದು. ತಣ್ಣನೆಯ ಗಾಳಿಯ ಸಾಂದ್ರತೆ ಹೆಚ್ಚು. ಹದಿನೈದು ಡಿಗ್ರಿಯ ಒಂದು ಘನಮೀಟರು ಗಾಳಿ ಸುಮಾರು 1225 ಗ್ರಾಂ ತೂಗಿದರೆ ಹತ್ತು ಡಿಗ್ರಿಯದು ಸುಮಾರು 1247 ಗ್ರಾಂ ತೂಗುವುದು. ಅಂತರ ಇಪ್ಪತ್ತೆರಡು ಗ್ರಾಂ ಮಾತ್ರ. ಆದರೆ ಗುಡ್ಡದ ಇಡೀ ಇಳುಕಲಿನ ಮೇಲೆ ಹರಡಿದ ಗಾಳಿಯ ಪದರಕ್ಕೆ ಇಷ್ಟು ಹೆಚ್ಚಿನ ತೂಕ ಸಾಕು. ಅದು ನಿಧಾನವಾಗಿ, ಎಣ್ಣೆ ಜಾರಿದಂತೆ, ಇಳಿಜಾರಿನಲ್ಲಿ ಕೆಳಕ್ಕೆ ಹರಿಯತೊಡಗುವುದು. ನೀರು ಹಿಡಿಯುವ ದಾರಿಯನ್ನೇ ಅದೂ ಹಿಡಿಯುವುದು. ಕೊರಕಲುಗಳಲ್ಲಿ ಕೂಡಿ, ಹಳ್ಳದ ಪಾತ್ರದಲ್ಲಿ ಇಳಿದು, ತಗ್ಗಿನಲ್ಲಿ ಮಡುಗಟ್ಟಿ ನಿಲ್ಲುವುದು. ನಸುಕಿನಲ್ಲಿ ಗುಡ್ಡದ ಪಾದದ ತಗ್ಗುಗಳ ಮೇಲೆ ಹಾಲು ಚೆಲ್ಲಿದಂತೆ ಕಾಣುವ ಕಾವಳವು ಈ ತಂಪಿನ ಮಡುವಿನ ಗುರುತು. ಅಂಥ ತಗ್ಗಿಗೂ ಅದಕ್ಕಿಂತ ಕೆಲವೇ ಹತ್ತು ಮೀಟರು ಮೇಲಿನ ಇಳುಕಲಿಗೂ ಉಷ್ಣತೆಯಲ್ಲಿ ಹಲವು ಡಿಗ್ರಿಗಳ ವ್ಯತ್ಯಾಸವಿರಬಹುದು. ಎತ್ತರಕ್ಕೆ ಏರಿದಷ್ಟೂ ತಂಪು ಹೆಚ್ಚುವುದೆಂಬ ಸಾಮಾನ್ಯ ನಿಯಮವು ಇಂಥ ರಾತ್ರಿಗಳಲ್ಲಿ ತಲೆಕೆಳಗಾಗುವುದು. ತಗ್ಗಿಗಿಂತ ಗುಡ್ಡದ ಸೊಂಟವೇ ಬೆಚ್ಚಗಿರುವುದು.

ಈ ಹರಿವನ್ನು ಕಣ್ಣಾರೆ ನೋಡುವುದು ಕಷ್ಟವಲ್ಲ. ಒಂದು ಕೋಲಿನ ತುದಿಗೆ ಗೇಣುದ್ದದ ರೇಷ್ಮೆಯ ಎಳೆಯನ್ನು ಕಟ್ಟಿ ಸಂಜೆಯ ಹೊತ್ತು ಇಳುಕಲಿನಲ್ಲಿ ಹಿಡಿದು ನಿಲ್ಲಬೇಕು. ಬೀಸುಗಾಳಿಯಿಲ್ಲದ ದಿನ, ಬಿಸಿಲು ಇರುವವರೆಗೆ ಎಳೆಯು ಮೇಲ್ಗಡೆಗೆ ವಾಲುವುದು. ಸೂರ್ಯಾಸ್ತವಾದ ಸ್ವಲ್ಪ ಹೊತ್ತಿಗೆ ತೂಗಾಡಿ, ಅನಂತರ ಕೆಳಗಡೆಗೆ ವಾಲುವುದು. ಗುಡ್ಡವಿಲ್ಲದ ಊರಿನವರು ತಮ್ಮ ಕೆರೆಯ ಏರಿಯ ಮೇಲೊಂದು, ಏರಿಯ ಬುಡದ ತಗ್ಗಿನಲ್ಲೊಂದು ಉಷ್ಣಮಾಪಕವನ್ನು ನೆಲದಿಂದ ಒಂದೇ ಎತ್ತರಕ್ಕೆ ತೂಗುಹಾಕಿ, ಚಳಿಗಾಲದ ಬೆಳಗಿನ ಐದು ಗಂಟೆಗೆ ಎರಡನ್ನೂ ಓದಿ ನೋಡಬಹುದು. ಮಕ್ಕಳಿಂದ ಮಾಡಿಸಲು ಇದು ಒಳ್ಳೆಯ ಪ್ರಯೋಗ.

ಕೆಳಗಿನ ಹಾಸಿಗೆ, ಮೇಲಿನ ಹೊದಿಕೆ

ನಿದ್ರಿಸುತ್ತಿರುವ ಮನುಷ್ಯನ ದೇಹವು ಸುಮಾರು 70ರಿಂದ 80 ವ್ಯಾಟಿನಷ್ಟು ಉಷ್ಣವನ್ನು ಉತ್ಪಾದಿಸುವುದು. ರಾತ್ರಿಯಿಡೀ ನಮ್ಮ ಕೈಯಲ್ಲಿರುವ ಬಂಡವಾಳ ಇಷ್ಟೇ. ಇದನ್ನು ಕಾಪಾಡಿಕೊಳ್ಳಬೇಕಾದರೆ ಮೇಲಿನ ಹೊದಿಕೆಯಷ್ಟೇ ಕೆಳಗಿನ ಹಾಸಿಗೆಯೂ ಮುಖ್ಯ. ಲೆಕ್ಕ ಹಾಕಿ ನೋಡೋಣ. ನೆಲಕ್ಕೆ ತಗುಲಿದ ಮೈಯ ವಿಸ್ತೀರ್ಣ ಅರ್ಧ ಚದರ ಮೀಟರು, ಮೈಗೂ ನೆಲಕ್ಕೂ ಉಷ್ಣತೆಯ ಅಂತರ ಹದಿನೈದು ಡಿಗ್ರಿ ಎಂದು ಭಾವಿಸಿದರೆ, ಎರಡು ಸೆಂಟಿಮೀಟರು ದಪ್ಪದ ಉಣ್ಣೆಯ ಹಾಸಿನ ಮೂಲಕ ನೆಲಕ್ಕೆ ಇಳಿದುಹೋಗುವ ಉಷ್ಣ ಸುಮಾರು 17 ವ್ಯಾಟು. ಅದೇ ಹಾಸು ಮೈಯ ಭಾರಕ್ಕೆ ಅಮರಿ ಅರ್ಧ ಸೆಂಟಿಮೀಟರಾದರೆ ನಷ್ಟವು ನಾಲ್ಕು ಪಟ್ಟು ಹೆಚ್ಚಿ 67 ವ್ಯಾಟಾಗುವುದು. ಎಂದರೆ ದೇಹದ ಉತ್ಪತ್ತಿಯ ಬಹುಭಾಗ ನೆಲದ ಪಾಲಾಗುವುದು. ಮೇಲೆ ಎರಡು ಕಂಬಳಿ ಹೊದ್ದು ಕೆಳಗೆ ಬರಿಯ ಜಮಖಾನೆ ಹಾಸಿದವನು ಚಳಿಯಿಂದ ನಡುಗುವುದರ ಗುಟ್ಟು ಇದು. ಉಷ್ಣವನ್ನು ತಡೆಯುವುದು ಉಣ್ಣೆಯ ಎಳೆಯಲ್ಲ, ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಮರಿದಾಗ ಆ ಗಾಳಿ ಹೊರಟುಹೋಗುವುದು.

ನೆಲದ ಜಾತಿಯೂ ಇಲ್ಲಿ ಗಣನೀಯ. ಬಂಡೆಯು ಮಣ್ಣಿಗಿಂತ ಒಳ್ಳೆಯ ಉಷ್ಣವಾಹಕ. ಸಂಜೆ ಕಾದಿರುವ ಹಾಸುಬಂಡೆ ಮೊದಲ ಜಾವದಲ್ಲಿ ಹಿತವೆನಿಸಿದರೂ ಕೊನೆಯ ಜಾವದಲ್ಲಿ ಮೈಯ ಕಾವನ್ನು ಹೀರುವುದು. ಬಯಲಿನ ಎರೆಮಣ್ಣು ಒಣಗಿದಾಗ ಬಿರಿದು ನಿಲ್ಲುವುದು. ಮಳೆ ಬಿದ್ದರೆ ಉಬ್ಬಿ, ನೀರನ್ನು ಕೆಳಕ್ಕೆ ಬಿಡದೆ, ಕಾಲಿಗೆ ಅಂಟಿ, ಡೇರೆಯ ಗೂಟಗಳನ್ನು ಸಡಿಲಿಸುವುದು. ಗುಡ್ಡದ ಬುಡದ ಕೆಂಪು ಮಸಾರಿ ನೆಲದಲ್ಲಿ ನೀರು ಬೇಗ ಇಂಗುವುದು, ಗೂಟವೂ ನಿಲ್ಲುವುದು. ಎರಡೂ ದೊರೆಯುವಲ್ಲಿ ಮಸಾರಿಯನ್ನೇ ಆರಿಸಬೇಕು.

ನೆತ್ತಿಯ ಗಾಳಿ

ತಗ್ಗು ಬೇಡವಾದರೆ ಗುಡ್ಡದ ನೆತ್ತಿಯನ್ನೇ ಏರಬಹುದಲ್ಲವೆ ಎಂದು ವಾಚಕರು ಕೇಳಬಹುದು. ಕಪ್ಪತಗುಡ್ಡದ ಸಾಲಿನ ಮೇಲೆ ನಿಂತಿರುವ ಗಾಳಿಯಂತ್ರಗಳೇ ಇದಕ್ಕೆ ಉತ್ತರ. ವಿದ್ಯುತ್ತನ್ನು ಉತ್ಪಾದಿಸುವವರು ಗಾಳಿ ಬಲವಾಗಿರುವ ಜಾಗವನ್ನು ಹುಡುಕಿ ಯಂತ್ರಗಳನ್ನು ನಿಲ್ಲಿಸುವರು. ಮಲಗುವವರು ಅದೇ ಜಾಗವನ್ನು ಬಿಟ್ಟು ದೂರ ಸರಿಯಬೇಕು. ಬಯಲಿನ ಮೇಲೆ ಹರವಾಗಿ ಬರುವ ಗಾಳಿ ಗುಡ್ಡದ ಸಾಲನ್ನು ದಾಟುವಾಗ ಇಕ್ಕಟ್ಟಾದ ದಾರಿಯಲ್ಲಿ ನುಗ್ಗಬೇಕಾಗುವುದರಿಂದ ಅದರ ವೇಗ ಹೆಚ್ಚುವುದು.

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾದುದು. ಮೂರು ಚದರ ಮೀಟರು ಮೈಯುಳ್ಳ ಸಣ್ಣ ಡೇರೆಯನ್ನು ಸೆಕೆಂಡಿಗೆ ಹತ್ತು ಮೀಟರು ವೇಗದ ಗಾಳಿ ಸುಮಾರು ಹದಿನೆಂಟು ಕಿಲೋಗ್ರಾಂ ತೂಕದ ಬಲದಿಂದ ನೂಕುವುದು. ವೇಗವು ಇಮ್ಮಡಿಯಾದರೆ ಬಲವು ನಾಲ್ಮಡಿಯಾಗಿ ಎಪ್ಪತ್ತು ಕಿಲೋಗ್ರಾಂ ಮೀರುವುದು. ಒಬ್ಬ ವಯಸ್ಕನು ಡೇರೆಯ ಮೇಲೆ ಒರಗಿ ಬಿದ್ದಂತೆ. ಸಂಜೆಯ ಮಂದಮಾರುತವನ್ನು ನೋಡಿ ಗೂಟದ ಬಲವನ್ನು ನಿರ್ಣಯಿಸಬಾರದು. ಮಳೆಗಾಲದಲ್ಲಿ ಗಾಳಿ ಪಡುವಣ, ನೈಋತ್ಯಗಳಿಂದಲೂ ಚಳಿಗಾಲದಲ್ಲಿ ಬಹುಮಟ್ಟಿಗೆ ಮೂಡಣ, ಈಶಾನ್ಯಗಳಿಂದಲೂ ಬೀಸುವುದು. ಆಯಾ ಋತುವಿನ ಗಾಳಿಗೆ ಬೆನ್ನು ಕೊಟ್ಟಿರುವ ಇಳುಕಲನ್ನು ಆರಿಸಿ, ಡೇರೆಯ ಕಿರಿದಾದ ತಗ್ಗಿನ ಭಾಗವನ್ನು ಗಾಳಿಗೆ ಇದಿರಾಗಿ ಇರಿಸಬೇಕು.

ಒಣಹಳ್ಳದ ನಂಬಿಕೆ

ಸಮತಟ್ಟಾದ, ಮೆತ್ತನೆಯ ಮರಳು ಹಾಸಿದ ಜಾಗ ಗುಡ್ಡಗಾಡಿನಲ್ಲಿ ದೊರೆಯುವುದು ಸಾಮಾನ್ಯವಾಗಿ ಒಣಹಳ್ಳದ ಪಾತ್ರದಲ್ಲಿಯೇ. ದಣಿದು ಬಂದವರಿಗೆ ಇದಕ್ಕಿಂತ ಉತ್ತಮವಾದ ಹಾಸಿಗೆ ಬೇರೆ ಇಲ್ಲವೆನಿಸುವುದು. ಆದರೆ ಆ ಮರಳನ್ನು ಅಲ್ಲಿ ತಂದು ಹಾಸಿದುದು ಯಾವುದು, ಕಲ್ಲುಗಳನ್ನು ಉಜ್ಜಿ ನುಣುಪುಗೊಳಿಸಿದುದು ಯಾವುದು ಎಂದು ಕೇಳಿಕೊಂಡರೆ ಸಾಕು, ಅಪಾಯವು ಮನದಟ್ಟಾಗುವುದು.

ಗದಗ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನದು. ಮಳೆ ಕಡಿಮೆಯೆಂದ ಮಾತ್ರಕ್ಕೆ ನೆರೆಯ ಭಯ ಕಡಿಮೆಯಲ್ಲ; ಏತಕ್ಕೆಂದರೆ ಇಲ್ಲಿಯ ಮಳೆ ಅನೇಕ ವೇಳೆ ಒಮ್ಮೆಲೇ ಸುರಿದು ಹೋಗುವಂಥದು. ಗುಡ್ಡದ ಮೇಲೆ ಒಂದು ಚದರ ಕಿಲೋಮೀಟರು ಜಾಗದಲ್ಲಿ 50 ಮಿಲಿಮೀಟರು ಮಳೆ ಬಿತ್ತೆಂದು ಭಾವಿಸೋಣ. ಆ ನೀರಿನ ಮೊತ್ತ ಐವತ್ತು ಸಾವಿರ ಘನಮೀಟರು. ಕಲ್ಲುನೆಲ ಅದರಲ್ಲಿ ಅರ್ಧವನ್ನು ಇಂಗಿಸಿಕೊಂಡು ಉಳಿದರ್ಧವನ್ನು ಒಂದು ಗಂಟೆಯಲ್ಲಿ ಹಳ್ಳಕ್ಕೆ ಬಿಟ್ಟರೂ, ಒಂದೊಂದು ಸೆಕೆಂಡಿಗೂ ಸುಮಾರು ಏಳು ಟನ್ನು ನೀರು ಹರಿದು ಬರಬೇಕಾಗುವುದು. ಸೆಕೆಂಡಿಗೆ ಎರಡು ಮೀಟರು ವೇಗದಲ್ಲಿ ಮೊಣಕಾಲಿನವರೆಗೆ ಹರಿಯುವ ನೀರು ನಿಂತವನ ಕಾಲುಗಳನ್ನು ಸುಮಾರು ಮೂವತ್ತು ಕಿಲೋಗ್ರಾಂ ತೂಕದ ಬಲದಿಂದ ತಳ್ಳುವುದು. ವೇಗ ಮೂರು ಮೀಟರಾದರೆ ಈ ಬಲ ಇಮ್ಮಡಿಗಿಂತ ಹೆಚ್ಚಾಗುವುದು. ಕತ್ತಲಲ್ಲಿ, ನಿದ್ದೆಗಣ್ಣಿನಲ್ಲಿ, ಮಕ್ಕಳು ಇದನ್ನು ತಡೆದು ನಿಲ್ಲಲಾರರು.

ಬಿಡಾರದ ಮೇಲೆ ನಕ್ಷತ್ರಗಳು ಹೊಳೆಯುತ್ತಿದ್ದಾಗಲೂ ನೆರೆ ಬರಬಹುದೆಂಬುದನ್ನು ಮರೆಯಬಾರದು. ಮೂರು ಕಿಲೋಮೀಟರು ಮೇಲೆ ಬಿದ್ದ ಮಳೆಯ ನೀರು, ಸೆಕೆಂಡಿಗೆ ಎರಡು ಮೀಟರಿನಂತೆ ಬಂದರೂ, ಇಪ್ಪತ್ತೈದು ನಿಮಿಷಗಳಲ್ಲಿ ನಮ್ಮನ್ನು ತಲುಪುವುದು. ಆದುದರಿಂದ ದಂಡೆಯ ಪೊದೆಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿ, ಮರಗಳ ಬೊಡ್ಡೆಯ ಮೇಲೆ ಒಣಗಿದ ಕೆಸರಿನ ಗೆರೆ, ಇವುಗಳನ್ನು ಹುಡುಕಿ ಹಳೆಯ ನೆರೆಯ ಎತ್ತರವನ್ನು ತಿಳಿದುಕೊಂಡು, ಅದಕ್ಕಿಂತ ಕನಿಷ್ಠಪಕ್ಷ ಎರಡಾಳು ಎತ್ತರದ ನೆಲವನ್ನು ಹಿಡಿಯಬೇಕು. ಊರಿಗೆ ಮರಳುವ ದಾರಿ ಹಳ್ಳವನ್ನು ದಾಟುವುದಾದರೆ, ಬಿಡಾರವು ಊರಿನ ಕಡೆಯ ದಂಡೆಯಲ್ಲಿರುವುದು ಲೇಸು.

ಬೋರಲು ಬೋಗುಣಿ, ಅಂಗಾತ ಬೋಗುಣಿ

ಇಲ್ಲಿಯವರೆಗೆ ಹೇಳಿದ ವಿಷಯಗಳಲ್ಲಿ ಒಂದು ಸಾಮ್ಯವು ವಾಚಕರಿಗೆ ಕಂಡಿರಬಹುದು. ತಣ್ಣನೆಯ ಗಾಳಿಯೂ ಮಳೆಯ ನೀರೂ ಭೂಮಿಯ ಆಕರ್ಷಣೆಗೆ ಒಳಗಾಗಿ ಒಂದೇ ದಾರಿಯಲ್ಲಿ ಇಳಿಯುವುವು. ನೆಲವು ಅಂಗಾತ ಇಟ್ಟ ಬೋಗುಣಿಯಂತೆ ನಡುವೆ ತಗ್ಗಾಗಿದ್ದರೆ ಎರಡೂ ಅಲ್ಲಿ ಕೂಡುವುವು. ಬೋರಲು ಹಾಕಿದ ಬೋಗುಣಿಯ ಬೆನ್ನಿನಂತೆ ನಡುವೆ ಉಬ್ಬಿದ್ದರೆ ಎರಡೂ ಅಲ್ಲಿಂದ ಇಬ್ಬದಿಗೆ ಕವಲೊಡೆದು ಹೋಗುವುವು. ಹೀಗಾಗಿ ಇಡೀ ಗುಡ್ಡದ ಇಳುಕಲಿನಲ್ಲಿ ನಾವು ಹುಡುಕಬೇಕಾದುದು, ನೆತ್ತಿಗಿಂತ ಸಾಕಷ್ಟು ಕೆಳಗೆ, ಹಳ್ಳಕ್ಕಿಂತ ಸಾಕಷ್ಟು ಮೇಲೆ, ಗುಡ್ಡದ ಸೊಂಟದಲ್ಲಿ ಮೆಲ್ಲನೆ ಉಬ್ಬಿದ ಒಂದು ಮಟ್ಟಸವಾದ ಜಾಗ. ಕಣ್ಣಳತೆಯಲ್ಲಿ ಸಂದೇಹವಿದ್ದರೆ, ತಂಬಿಗೆಯ ನೀರನ್ನು ನೆಲಕ್ಕೆ ಸುರಿದು ಅದು ಹರಿಯುವ ದಿಕ್ಕನ್ನು ನೋಡಬಹುದು. ನೀರು ಡೇರೆಯ ಜಾಗವನ್ನು ಬಿಟ್ಟು ಹರಿದರೆ ರಾತ್ರಿಯ ತಂಪೂ ಬಹುಮಟ್ಟಿಗೆ ಹಾಗೆಯೇ ಹರಿದುಹೋಗುವುದು.

ಸಿಡಿಲು ಕೇಳದ ನಿಯಮ

ಈ ಸೂತ್ರವನ್ನು ಮೀರಿದ ಶತ್ರುವೊಂದು ಉಂಟು. ಅದು ಸಿಡಿಲು. ನೀರು, ತಂಪುಗಳಿಗೆ ತಗ್ಗು ಪ್ರಿಯವಾದರೆ ಸಿಡಿಲಿಗೆ ಎತ್ತರ ಪ್ರಿಯ. ನಮ್ಮ ದೇಶದಲ್ಲಿ ಸಿಡಿಲಿನಿಂದ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನರು ಸಾಯುತ್ತಿರುವರು. ಅವರಲ್ಲಿ ಬಹುಮಂದಿ ಹೊಲದಲ್ಲಿ ದುಡಿಯುವವರು, ದನಕುರಿ ಕಾಯುವವರು. ಉತ್ತರ ಕರ್ನಾಟಕದಲ್ಲಿ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಕಾಲ, ಎಂದರೆ ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗಿನ ಅವಧಿ, ಈ ದೃಷ್ಟಿಯಿಂದ ಅಪಾಯಕರವಾದುದು. ಶಾಲೆಗಳಿಗೆ ಬೇಸಗೆಯ ರಜೆ ದೊರೆಯುವುದೂ ಈ ಕಾಲದಲ್ಲಿಯೇ ಎಂಬುದನ್ನು ನೆನೆಯಬೇಕು.

ಸಿಡಿಲು ನೇರವಾಗಿ ಮೈಮೇಲೆ ಬಿದ್ದರೆ ಮಾತ್ರ ಸಾವು ಎಂಬ ತಿಳಿವಳಿಕೆ ಸರಿಯಲ್ಲ. ಮರಕ್ಕೆ ಬಡಿದ ಸಿಡಿಲಿನ ಪ್ರವಾಹವು ಬುಡದಿಂದ ಎಲ್ಲ ದಿಕ್ಕಿಗೂ ನೆಲದಲ್ಲಿ ಹರಡುವುದು. ಮೂವತ್ತು ಸಾವಿರ ಆಂಪೇರಿನ ಒಂದು ಸಾಧಾರಣ ಸಿಡಿಲು ಹಸಿಯಾದ ಮಣ್ಣಿನಲ್ಲಿ ಹೀಗೆ ಹರಡಿತೆಂದು ಲೆಕ್ಕ ಹಾಕಿದರೆ, ಮರದಿಂದ ಹತ್ತು ಮೀಟರು ದೂರದಲ್ಲಿ ಒಂದು ಮೀಟರು ಅಂತರದ ಎರಡು ಬಿಂದುಗಳ ನಡುವೆ ನಾಲ್ಕು ಸಾವಿರ ವೋಲ್ಟಿಗೂ ಹೆಚ್ಚಿನ ವಿಭವಾಂತರ ಕ್ಷಣಕಾಲ ಉಂಟಾಗುವುದು. ಕಾಲಗಲಿಸಿ ನಿಂತವನ ಒಂದು ಪಾದದಿಂದ ಏರಿ ಇನ್ನೊಂದರಿಂದ ಇಳಿಯುವಂತೆ ಪ್ರವಾಹ ಹರಿಯಲು ಇಷ್ಟು ಸಾಕು. ಪಾದಗಳ ಅಂತರ ಇಪ್ಪತ್ತು ಸೆಂಟಿಮೀಟರಿಗೆ ಇಳಿದರೆ ಈ ವಿಭವಾಂತರವು ಸಾವಿರ ವೋಲ್ಟಿಗಿಂತ ಕಡಿಮೆಯಾಗುವುದು. ಮರದ ಕಡೆಗೆ ತಲೆಯಿಟ್ಟು ಉದ್ದಕ್ಕೆ ಮಲಗಿದವನ ತಲೆಗೂ ಕಾಲಿಗೂ ನಡುವೆ ಆರು ಸಾವಿರ ವೋಲ್ಟು ಮೀರುವುದು. ಕಲ್ಲುನೆಲದಲ್ಲಿ ವಿದ್ಯುತ್ತಿಗೆ ಅಡ್ಡಿ ಹೆಚ್ಚಾದುದರಿಂದ ಈ ಅಂಕಿಗಳು ಹತ್ತು ಪಟ್ಟು ಏರಬಹುದು. ಒಂದು ಸಿಡಿಲಿಗೆ ಮರದಡಿಯ ಇಡೀ ಕುರಿಹಿಂಡು ಸತ್ತು ಬೀಳುವುದರ ಕಾರಣವೂ ಇದೇ. ಕುರಿಯ ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚು, ಪ್ರವಾಹದ ದಾರಿಯಲ್ಲಿ ಎದೆ ಇರುವುದು.

ಇದರಿಂದ ಹೊರಡುವ ತೀರ್ಮಾನವು ಸ್ಪಷ್ಟ. ಬಟ್ಟೆಯ ಡೇರೆಯು ಸಿಡಿಲಿನಿಂದ ಎಳ್ಳಷ್ಟೂ ರಕ್ಷಣೆ ಕೊಡದು. ಅದರೊಳಗೆ ಮಲಗಿರುವುದೆಂದರೆ ನೆಲದ ಮೇಲೆ ಉದ್ದಕ್ಕೆ ಚಾಚಿಕೊಂಡಿರುವುದು. ಒಂಟಿ ಮರದ ಕೆಳಗಂತೂ ನಿಲ್ಲಕೂಡದು. ಗುಡುಗಿನ ಕಾಲದಲ್ಲಿ ಗುಡ್ಡದಲ್ಲಿ ಒಳ್ಳೆಯ ನೆಲೆಯೆಂಬುದೇ ಇಲ್ಲ, ಸೊಂಟವೂ ಸಲ್ಲದು. ರಕ್ಷಣೆಯಿರುವುದು ಗೋಡೆ ಮಾಡುಗಳುಳ್ಳ ಭದ್ರವಾದ ಕಟ್ಟಡದಲ್ಲಿ, ಇಲ್ಲವೆ ಲೋಹದ ಮಾಡಿನ, ಕಿಟಕಿಗಳನ್ನು ಮುಚ್ಚಿದ ಮೋಟಾರು ಬಂಡಿಯಲ್ಲಿ. ಆ ತಿಂಗಳುಗಳಲ್ಲಿ ಹಗಲು ಗುಡ್ಡವನ್ನು ನೋಡಿ, ರಾತ್ರಿ ಊರಿಗೆ ಇಳಿದು ಶಾಲೆಯಲ್ಲಿಯೋ ಛತ್ರದಲ್ಲಿಯೋ ಮಲಗುವುದೇ ವಿವೇಕ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಕಿಲೋಮೀಟರುಗಳಲ್ಲಿ ದೊರೆಯುವುದು. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ, ಎಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದ್ದರೆ, ಆಶ್ರಯದಲ್ಲಿರಬೇಕು. ಕೊನೆಯ ಗುಡುಗಿನ ಅನಂತರ ಅರ್ಧ ಗಂಟೆ ಕಳೆಯುವವರೆಗೂ ಹೊರಬರಬಾರದು. ಯಾವ ಆಶ್ರಯವೂ ಇಲ್ಲದ ವಿಪತ್ತಿನಲ್ಲಿ ನೆತ್ತಿಯಿಂದ ಇಳಿದು, ಒಬ್ಬರಿಂದೊಬ್ಬರು ದೂರ ಸರಿದು, ಪಾದಗಳನ್ನು ಜೋಡಿಸಿ ಕುಕ್ಕರುಗಾಲಿನಲ್ಲಿ ಕುಳಿತಿರಬೇಕು, ಮಲಗಕೂಡದು. ಇದು ಅಪಾಯವನ್ನು ತಗ್ಗಿಸಬಲ್ಲುದೇ ಹೊರತು ನೀಗಿಸಲಾರದು.

ಮರ, ಬೆಂಕಿ, ಮತ್ತು ಗುಡ್ಡದ ಒಡೆಯರು

ಉಳಿದ ವಿಷಯಗಳನ್ನು ಸಂಕ್ಷೇಪವಾಗಿ ಹೇಳಬಹುದು. ಡೇರೆಯ ಜಾಗದಲ್ಲಿ ನಿಂತು ಒಮ್ಮೆ ತಲೆಯೆತ್ತಿ ನೋಡಬೇಕು. ಹತ್ತು ಮೀಟರು ಎತ್ತರದಿಂದ ಬೀಳುವ ಒಣಕೊಂಬೆ ನೆಲವನ್ನು ತಲುಪುವಾಗ ಗಂಟೆಗೆ ಐವತ್ತು ಕಿಲೋಮೀಟರಿನಷ್ಟು ವೇಗವನ್ನು ಪಡೆದಿರುವುದು.

ಒಣಹುಲ್ಲಿನ ಕಾಲದಲ್ಲಿ ಬೆಂಕಿಯ ವಿಷಯದಲ್ಲಿ ರಿಯಾಯಿತಿಯೇ ಇರಬಾರದು. ವನ್ಯಜೀವಿಧಾಮದಲ್ಲಿ ಬೆಂಕಿ ಹಚ್ಚುವುದು ಕಾಯಿದೆಯ ಪ್ರಕಾರ ಅಪರಾಧ. ಅದಕ್ಕೆ ವೈಜ್ಞಾನಿಕವಾದ ಕಾರಣವೂ ಇದೆ. ಇಳುಕಲಿನಲ್ಲಿ ಜ್ವಾಲೆಯು ಮೇಲಿನ ಹುಲ್ಲಿನ ಕಡೆಗೆ ಬಾಗಿ, ಅದನ್ನು ಮುಂಚಿತವಾಗಿಯೇ ಒಣಗಿಸಿ ಕಾಯಿಸುವುದರಿಂದ, ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಮೇಲ್ಮುಖವಾದ ಬೆಂಕಿಯ ವೇಗ ಸರಿಸುಮಾರು ಇಮ್ಮಡಿಸುವುದು. ಒಂದು ಕಿಡಿಯ ಹಿಂದೆ ಓಡಿ ಅದನ್ನು ಹಿಡಿಯುವುದು ಮನುಷ್ಯನಿಂದಾಗದು. ಬುತ್ತಿಯನ್ನು ಊರಿನಿಂದಲೇ ಕಟ್ಟಿಕೊಂಡು ಹೋಗುವುದು ಎಲ್ಲ ವಿಧದಿಂದಲೂ ಲೇಸು.

ಕಪ್ಪತಗುಡ್ಡದಲ್ಲಿ ಚಿರತೆ, ತೋಳ, ಕತ್ತೆಕಿರುಬ, ಕೊಂಡಕುರಿಗಳ ವಾಸವಿದೆ. ಅವುಗಳಿಗೆ ನೀರಿನ ತಾಣಗಳು ಕೆಲವೇ. ಅವು ನೀರಿಗೆ ಬರುವುದು ಬಹುತೇಕ ಇರುಳಿನಲ್ಲಿಯೇ. ನೀರಿನ ಪಕ್ಕದಲ್ಲಿ ಡೇರೆ ಹಾಕಿದವನು ತನ್ನನ್ನು ಅಪಾಯಕ್ಕೆ ಒಡ್ಡಿಕೊಳ್ಳುವುದಲ್ಲದೆ, ಬಾಯಾರಿದ ಪ್ರಾಣಿಗಳ ಬಾಯಿಂದ ನೀರನ್ನು ಕಿತ್ತುಕೊಂಡಂತಾಗುವುದು. ಆದುದರಿಂದ ನೀರಿನ ತಾಣದಿಂದಲೂ ಪ್ರಾಣಿಗಳ ಜಾಡಿನಿಂದಲೂ ಕನಿಷ್ಠಪಕ್ಷ ನೂರು ಹೆಜ್ಜೆ ದೂರವಿರಬೇಕು. ಕಲ್ಲಿನ ರಾಶಿ, ಒಣಸೌದೆಯ ಒಟ್ಟಿಲುಗಳು ಹಾವು ಚೇಳುಗಳ ಮನೆ. ಕಟ್ಟುಹಾವು ರಾತ್ರಿಯಲ್ಲಿ ಸಂಚರಿಸುವಂಥದು. ಅದರ ಕಡಿತದಲ್ಲಿ ನೋವು ಅಲ್ಪವಾದುದರಿಂದ ಮಲಗಿದವನಿಗೆ ತಿಳಿಯದೆಯೇ ಹೋಗಬಹುದು. ಅಂಚುಗಳನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದ ಸೊಳ್ಳೆಪರದೆ ಇದಕ್ಕೆ ಅಗ್ಗವಾದ, ಬಲವಾದ ರಕ್ಷಣೆ.

ಆಯ್ಕೆಯ ಕ್ರಮ

ನಮ್ಮ ಅಕ್ಷಾಂಶದಲ್ಲಿ ಸಂಜೆಗತ್ತಲು ದೀರ್ಘವಾದುದಲ್ಲ. ಸೂರ್ಯನು ಮುಳುಗಿದ ಅರ್ಧ ಗಂಟೆಯೊಳಗೆ ನೆಲದ ಆಕಾರವನ್ನು ಗುರುತಿಸುವುದು ಅಸಾಧ್ಯವಾಗುವುದು. ಆದುದರಿಂದ ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲೇ ನಡಿಗೆಯನ್ನು ನಿಲ್ಲಿಸಿ ಈ ಕ್ರಮದಲ್ಲಿ ವಿಚಾರ ಮಾಡಬೇಕು. ಮೊದಲನೆಯದಾಗಿ, ಇಲ್ಲಿ ತಂಗುವುದಕ್ಕೆ ಅನುಮತಿಯುಂಟೆ? ಎರಡನೆಯದಾಗಿ, ಇದು ಗುಡುಗಿನ ಋತುವೆ? ಆಗಿದ್ದರೆ ವಿಚಾರ ಅಲ್ಲಿಗೇ ಮುಗಿಯಿತು, ಊರಿಗೆ ಇಳಿಯತಕ್ಕದ್ದು. ಮೂರನೆಯದಾಗಿ, ಹಳೆಯ ನೆರೆಯ ಗುರುತು ಎಲ್ಲಿಯವರೆಗಿದೆ? ನಾಲ್ಕನೆಯದಾಗಿ, ನೆಲವು ಬೋರಲು ಬೋಗುಣಿಯೋ ಅಂಗಾತ ಬೋಗುಣಿಯೋ? ಐದನೆಯದಾಗಿ, ಗಾಳಿಗೆ ಮರೆಯುಂಟೆ? ತಲೆಯ ಮೇಲೆ ಒಣಕೊಂಬೆಯಿಲ್ಲವಷ್ಟೆ? ಕಡೆಯದಾಗಿ, ಇದು ಯಾವುದಾದರೂ ಪ್ರಾಣಿಯ ದಾರಿಯೆ?

ಈ ಕ್ರಮವನ್ನು ಅಪಾಯದ ತಾರತಮ್ಯವನ್ನು ನೋಡಿ ಹೊಂದಿಸಲಾಗಿದೆ. ಸಿಡಿಲು, ನೆರೆಗಳು ಪ್ರಾಣವನ್ನು ತೆಗೆಯಬಲ್ಲುವು. ತಂಪು ಗಾಳಿಗಳು ಸಾಮಾನ್ಯವಾಗಿ ನಿದ್ದೆಯನ್ನು ಕೆಡಿಸಿ ಬಿಡುವುವು. ಎಲ್ಲ ಗುಣಗಳೂ ಕೂಡಿದ ನೆಲೆ ದೊರೆಯುವುದು ಅಪರೂಪ. ಬಿಟ್ಟುಕೊಡಬೇಕಾಗಿ ಬಂದಾಗ ಕೊನೆಯ ಪಂಕ್ತಿಯ ಸುಖವನ್ನು ಬಿಡಬೇಕೇ ಹೊರತು ಮೊದಲ ಪಂಕ್ತಿಯ ಕ್ಷೇಮವನ್ನಲ್ಲ. ಇಂದು ರಾತ್ರಿ ಕಾಡಿಗೆ ಹೋಗದವರೂ ತಮ್ಮ ಊರಿನ ಸುತ್ತಣ ನೆಲವನ್ನು ಒಮ್ಮೆ ಈ ದೃಷ್ಟಿಯಿಂದ ನೋಡಬಹುದು. ಕುರಿಹಿಂಡು ಎಲ್ಲಿ ತಂಗಿದೆ, ಹಳೆಯ ಊರು ಹಳ್ಳದಿಂದ ಎಷ್ಟು ಎತ್ತರದಲ್ಲಿದೆ, ಕಾವಳ ಮೊದಲು ಎಲ್ಲಿ ಕವಿಯುವುದು ಎಂದು ಗಮನಿಸುತ್ತ ಬಂದರೆ ನೆಲವನ್ನು ಓದುವ ಈ ವಿದ್ಯೆ ಕೈವಶವಾಗುವುದು. ಅದು ಕೈವಶವಾದ ಮೇಲೆ ಮಕ್ಕಳನ್ನು ಧೈರ್ಯವಾಗಿ ಗುಡ್ಡಕ್ಕೆ ಕರೆದೊಯ್ಯಬಹುದು. ಕಪ್ಪತಗುಡ್ಡದ ಮೇಲಿನ ನಕ್ಷತ್ರಗಳನ್ನು ತೋರಿಸಿ, ಬೆಳಗಾದಾಗ ಎಲ್ಲರನ್ನೂ ಎಣಿಸಿಕೊಂಡು ಮನೆಗೆ ಕರೆತರಬಹುದು.